ಕೆಂಪು ದಾರ, ಬಿಳಿ ದಾರ

“ಗಂಟು ಬಿಚ್ಚಿದಾಕಿ ನಾನ. ಮತ್ತ ಯಾರು ಬಿಚ್ಚತಾರ?”

ಗೋಪಿಬಾಯಿ ಈ ಮಾತು ಹೇಳಿದ್ದು ಚಹಾ ಸೋಸುತ್ತ, ತಲೆ ಕೂಡ ಎತ್ತದೆ. ಬಾಗಿಲಲ್ಲಿ ನಿಂತಿದ್ದ ಮಗಳು ತುಳಜಾಳ ಕೈಯಲ್ಲಿ ಒಂದು ಕಪ್ಪೆಯಿತ್ತು. ಮೊಣಕೈಯಿಂದ ನೀರು ಇಳಿಯುತ್ತಿತ್ತು. ಕಪ್ಪೆಯ ಸೊಂಟದ ಸುತ್ತ ಇರಬೇಕಾಗಿದ್ದ ದಾರ ಇರಲಿಲ್ಲ.

“ಎಲ್ಲಾನೂ ಬಿಚ್ಚಿದಿ?”

“ಎಲ್ಲಾನೂ. ಒಂದ ಉಳದ್ರೂ ಬಿಚ್ಚಿದಂಗ ಆಗೂದಿಲ್ಲ. ಅಲ್ಲ, ಹೊಟ್ಟೀಲೆ ಇದ್ದ ಜೀವದ ನಡಕ್ಕ ಗಂಟು ಬಿಗೀತಾರೇನ? ನಮ್ಮ ತಾಂಡಾದಾಗ ಆಡು ಈಯುವಾಗ ಸೈತ ಕೊಳ್ಳಾಗಿನ ಹಗ್ಗ ಬಿಚ್ಚತೇವಿ. ಓದಿದಾಕಿ ನೀನು.”

“ಯಾಡಿ…” ಎಂದಳು ತುಳಜಾ. ಲಂಬಾಣಿ ತಾಂಡಾದ ಮಕ್ಕಳು ತಾಯಿಯನ್ನು ಕರೆಯುವುದು ಹಾಗೆ. ಬಾಗಿಲ ಚೌಕಟ್ಟಿಗೆ ಒರಗಿ ಹಾಗೆಯೇ ಕೆಳಗೆ ಜಾರಿ ಕೂತಳು.

ಚಹಾಕ್ಕಾಗಿ ಮೆಟ್ಟಿಲ ಮೇಲೆ ಕಾದು ಕೂತಿದ್ದ ಹಸನಸಾಬ ಎದ್ದು ಬಂದ. ಕಾಗದದ ಗಿರಣಿಯಲ್ಲಿ ದುಡಿದು ನಿವೃತ್ತನಾದ ಮನುಷ್ಯ. ದಾಂಡೇಲಿಯ ಬಂಗೂರನಗರದ ಆಚೆ, ಹಳೆಯ ಬಾಡಿಗೆ ಬಂಗಲೆಯಲ್ಲಿ ನಡೆಯುವ ಈ ಪುಟ್ಟ ಸಂಶೋಧನಾ ಕೇಂದ್ರಕ್ಕೆ ಈಗ ಅವನೇ ಕಾವಲುಗಾರ, ತೊಟ್ಟಿಯ ನೀರು ಬದಲಿಸುವವನು, ಕಪ್ಪೆಗಳಿಗೆ ಕುರಿಯ ಕಲೇಜದ ಚೂರು ಉಣಿಸುವವನು. ತುಳಜಾ ಏನು ಮಾಡುತ್ತಾಳೆಂದು ಓಣಿಯವರು ಕೇಳಿದರೆ ಉತ್ತರ ಹೇಳುವವನೂ ಅವನೇ. “ಮಳಿಗಾಲ ಬಂತು ಅಂತ ಕಪ್ಪಿ ಹೊಟ್ಟಿಯೊಳಗ ಯಾರು ಹೋಗಿ ಹೇಳತಾರ, ಅದನ್ನ ಹುಡಕಾಕತ್ತಾಳ ನಮ್ಮ ಹುಡುಗಿ,” ಎನ್ನುತ್ತಿದ್ದ.

ಅದರಲ್ಲಿ ತಪ್ಪೇನೂ ಇರಲಿಲ್ಲ. ಗದ್ದೆಯ ಹೆಣ್ಣುಕಪ್ಪೆಯ ಹೊಟ್ಟೆಯಲ್ಲಿ ಅಂಡನಾಳವೆಂಬ ಎರಡು ಕೊಳವೆಗಳಿರುತ್ತವೆ. ಹೊರಗೆ ಹೊರಟ ತತ್ತಿಗಳಿಗೆ ಲೋಳೆಯ ಅಂಗಿ ತೊಡಿಸಿ ಕಳಿಸುವುದು ಅವುಗಳ ಕೆಲಸ. ಚಳಿಗಾಲದಲ್ಲಿ ಅವು ಒಣ ಶಾವಿಗೆಯಂತೆ ಸಣಕಲಾಗಿರುತ್ತವೆ. ಮಳೆ ಹತ್ತಿರವಾದಂತೆ ಅಂಡಾಶಯದಿಂದ ಈಸ್ಟ್ರಡಯಾಲ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಆಗ ಆ ಕೊಳವೆಗಳು ನೀರು ಕುಡಿದ ಶಾವಿಗೆಯಂತೆ ಉಬ್ಬಿ ಸುರುಳಿ ಸುತ್ತಿಕೊಳ್ಳುತ್ತವೆ. ಅವುಗಳ ಗೋಡೆಯಲ್ಲಿ ಕಿಣ್ವಗಳಿರುತ್ತವೆ; ಹಾಲಿಗೆ ಬಿಟ್ಟ ಹೆಪ್ಪಿನ ಹಾಗೆ ಚೂರೇ ಇದ್ದು ಇಡೀ ಪಾತ್ರೆಯ ಕೆಲಸ ಮಾಡುವಂಥವು. ಹಾರ್ಮೋನು ಬಂದ ಕಾಲಕ್ಕೆ ಅವೂ ಚುರುಕಾಗುತ್ತವೆ. ಇಷ್ಟು ಎಲ್ಲರಿಗೂ ಗೊತ್ತಿದ್ದದ್ದು. ಅವುಗಳಲ್ಲಿ ಒಂದು ಕಿಣ್ವ ಚುರುಕಾಗುವುದು ನೇರವಾಗಿ ಹಾರ್ಮೋನಿನ ಮಾತಿಗೋ, ಅಥವಾ ಕೊಳವೆ ಉಬ್ಬಿತೆಂಬ ಕಾರಣಕ್ಕೋ? ತುಳಜಾಳ ಪ್ರಶ್ನೆ ಅಷ್ಟೇ. ಆ ಒಂದು ಪ್ರಶ್ನೆಯ ಮೇಲೆ ಅವಳ ಪಿಎಚ್‌ಡಿ ನಿಂತಿತ್ತು.

ಅದಕ್ಕಾಗಿ ಹಾರ್ಮೋನು ಮೈಯಲ್ಲಿ ಅಷ್ಟಾಗಿ ಇಲ್ಲದ ಚಳಿಗಾಲದಲ್ಲೇ ಅವಳು ಕಪ್ಪೆಗಳನ್ನು ಎರಡು ಗುಂಪು ಮಾಡಿದ್ದಳು. ಒಂದು ಗುಂಪಿಗೆ ಎಳ್ಳೆಣ್ಣೆಯಲ್ಲಿ ಹಾರ್ಮೋನು ಕಲಸಿ ಚುಚ್ಚಿದಳು. ಇನ್ನೊಂದಕ್ಕೆ ಬರೀ ಎಳ್ಳೆಣ್ಣೆ. ಬೇರೆ ಬೇರೆ ತೊಟ್ಟಿಯಲ್ಲಿಟ್ಟರೆ ನೀರಿನಿಂದ ವ್ಯತ್ಯಾಸ ಬಂತು ಎಂದು ಪರೀಕ್ಷಕರು ಹೇಳಬಹುದು ಎಂದು ಎಲ್ಲವನ್ನೂ ಒಂದೇ ತೊಟ್ಟಿಗೆ ಬಿಟ್ಟಳು. ಗುರುತಿಗೆ ಕಾಲ್ಬೆರಳ ತುದಿ ಕತ್ತರಿಸು ಎಂದಿದ್ದರು ಮಾರ್ಗದರ್ಶಕರಾದ ಮಹಾಂತಪ್ಪ ಸರ್. “ಹೆಂಗೂ ಕಡೀಕ ಕೊಯ್ಯೂದ ಐತಿ ಸರ್, ಅಲ್ಲೀತನಕರೆ ಬೆರಳು ಇರಲಿ,” ಎಂದು ತುಳಜಾ ತಾಯಿಯ ಕಸೂತಿ ಚೀಲದಿಂದ ದಾರ ತಂದು, ಹಾರ್ಮೋನಿನವಕ್ಕೆ ಕೆಂಪು, ಬರೀ ಎಣ್ಣೆಯವಕ್ಕೆ ಬಿಳಿ, ಸೊಂಟಕ್ಕೆ ಸಡಿಲವಾಗಿ ಕಟ್ಟಿದ್ದಳು.

ನಾಳೆ ಕೊಯ್ಯುವ ದಿನ. ಕಿಣ್ವ ಅಳೆಯುವ ಯಂತ್ರ ಧಾರವಾಡದಲ್ಲಿತ್ತು. ಅದರ ಪಾಳಿ ಸಿಕ್ಕಿದ್ದು ನಾಳೆಗೆ ಮಾತ್ರ. ಕಪ್ಪೆ ಹಿಡಿಯಲು ಅರಣ್ಯ ಇಲಾಖೆ ಅನುಮತಿ ಕೊಟ್ಟದ್ದು ಈ ಚಳಿಗಾಲಕ್ಕೆ ಮಾತ್ರ. ಮತ್ತೆ ಮತ್ತೆ ಕೇಳಿ ಮುಂದೂಡಿಸಿಕೊಂಡಿದ್ದ ಪಿಎಚ್‌ಡಿಯ ಗಡುವು ಮುಗಿಯುವುದೂ ಈ ಚಳಿಗಾಲಕ್ಕೇ.

ಈಗ ತೊಟ್ಟಿಯಲ್ಲಿ ಕಪ್ಪೆಗಳಿದ್ದವು. ದಾರ ಇರಲಿಲ್ಲ.

“ಅಕ್ಕಾ, ಏನ ಮಾಡಿದಿ ನೀ,” ಎಂದ ಹಸನಸಾಬ ಮೆಲ್ಲಗೆ.

“ಏನ ಮಾಡಿದೆ? ದವಾಖಾನ್ಯಾಗ ಸೊಸಿ ಬ್ಯಾನಿ ತಿನ್ನಾಕತ್ತಿದ್ದಳು. ಕೈ ಕಟಗೊಂಡು ಕುಂಡ್ರಲೇನ?”

ಸೊಸೆ ಎಂದರೆ ಕಾಜಲ್, ತುಳಜಾಳ ಅಣ್ಣ ಹರೀಶನ ಹೆಂಡತಿ. ಚೊಚ್ಚಲ ಹೆರಿಗೆ. ದಾಂಡೇಲಿಯ ದವಾಖಾನೆಗೆ ಸೇರಿಸಿದ್ದರು. ಗೋಪಿಬಾಯಿ ಮುಂಡಗೋಡ ಕಡೆಯ ತಾಂಡಾದಲ್ಲಿ ಎಷ್ಟೋ ಹೆರಿಗೆ ಮಾಡಿಸಿದ ಕೈ. ಈಗ ಎಲ್ಲರೂ ದವಾಖಾನೆಗೇ ಹೋಗುವುದರಿಂದ ಅವಳಿಗೆ ಉಳಿದದ್ದು ಒಂದೇ ಕೆಲಸ: ಹೆರಿಗೆ ಕಷ್ಟವಾದಾಗ ಸುತ್ತಮುತ್ತಲಿನ ಗಂಟುಗಳನ್ನೆಲ್ಲ ಬಿಚ್ಚುವುದು. ಹೊರಗೆ ಗಂಟು ಬಿಗಿದಿದ್ದರೆ ಒಳಗೂ ಬಿಗಿದಿರುತ್ತದೆ ಎನ್ನುವುದು ಅವಳ ಅಜ್ಜಿಯ ಕಾಲದಿಂದ ಬಂದ ನಂಬಿಕೆ. ದವಾಖಾನೆಯಲ್ಲಿ ಮೊದಲು ತನ್ನ ತುರುಬು ಬಿಚ್ಚಿದಳು, ಆಮೇಲೆ ಕಾಜಲ್‌ಳ ಜಡೆ, ಆಮೇಲೆ ಪರದೆಯ ಲಾಡಿ, ಆಮೇಲೆ ಪಕ್ಕದ ಮಂಚದವಳ ಜಡೆ. ಕಾಲು ಮುರಿದುಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದ ಯಾರದೋ ಪಟ್ಟಿಗೆ ಕೈ ಹಾಕಿದಾಗ ನರ್ಸ್ ಓಡಿ ಬಂದು, “ಆಯಿ, ನಿಮ್ಮ ಕಾಲಿಗೆ ಬೀಳ್ತೀನ್ರಿ, ಮನಿಗೆ ಹೋಗ್ರಿ,” ಎಂದಿದ್ದಳು.

ಹಾಗೆ ನಿನ್ನೆ ಮಧ್ಯಾಹ್ನ ಗೋಪಿಬಾಯಿ ಕೇಂದ್ರದ ಹಿಂದೆ ತುಳಜಾ ಉಳಿದುಕೊಂಡಿದ್ದ ಈ ಕೋಣೆಗೆ ಬಂದಳು. ಅವಳ ಬದಲು ದವಾಖಾನೆಗೆ ಹೋದ ತುಳಜಾ ವಾಪಸ್ ಬಂದದ್ದು ಈ ದಿನ ಬೆಳಿಗ್ಗೆ. ಅಕ್ಕಿಚೀಲದ ಬಾಯಿ, ಬಟ್ಟೆ ಒಣಹಾಕುವ ಹಗ್ಗ, ಸೊಳ್ಳೆಪರದೆಯ ನಾಲ್ಕು ಮೂಲೆ, ಎಲ್ಲ ಬಿಚ್ಚಿ ಮುಗಿದಾಗ ಗೋಪಿಬಾಯಿಯ ಕಣ್ಣು ತೊಟ್ಟಿಯ ಮೇಲೆ ಬಿತ್ತು. ಕೆಲವು ಕಪ್ಪೆಗಳ ಹೊಟ್ಟೆ ತುಂಬಿಕೊಂಡು ಡೊಳ್ಳಾಗಿತ್ತು. ಅವಳು ನೆಲಕ್ಕೆ ಕೂತು, ಒಂದೊಂದನ್ನೇ ಹಿಡಿದು, ತಾನೇ ಕೊಟ್ಟಿದ್ದ ದಾರವನ್ನು ಬಿಚ್ಚುತ್ತ ಹೋದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಜಲ್ ಹೆತ್ತಳು. ಹೆಣ್ಣು ಕೂಸು. ತಾಯಿ ಮಗು ಇಬ್ಬರೂ ಆರಾಮ.

“ಇಲ್ಲಿ ಅದಾವ ನೋಡು,” ಎಂದು ಗೋಪಿಬಾಯಿ ಕಸೂತಿ ಚೀಲದಿಂದ ಒಂದು ಸುರುಳಿ ತೆಗೆದಳು. ತೊಳೆದು, ಹಿಂಡಿ, ಕೆಂಪು ಬಿಳಿ ಕೂಡಿಸಿ ಅಚ್ಚುಕಟ್ಟಾಗಿ ಸುತ್ತಿದ್ದಳು. “ಒಂದೂ ಚೆಲ್ಲಿಲ್ಲ. ಈಗ ಹೆರಿಗಿ ಆತು. ಮತ್ತ ಕಟ್ಟೂಣು ನಡಿ. ಅದಕ್ಯಾಕ ಅಳತಿ?”

“ಯಾವುದಕ್ಕ ಯಾವುದು ಕಟ್ಟಲಿ ಯಾಡಿ? ಯಾವುದಕ್ಕ ಕೆಂಪು ಇತ್ತು, ಯಾವುದಕ್ಕ ಬಿಳಿ ಇತ್ತು, ಹೇಳು ನನಗ. ಹೇಳು.”

ಗೋಪಿಬಾಯಿ ಮಗಳ ಮುಖ ನೋಡಿದಳು. ಹಸನಸಾಬನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಅವಳ ಕೈಯಲ್ಲಿದ್ದ ಸುರುಳಿ ನಿಧಾನ ಕೆಳಗಿಳಿಯಿತು. ಎಷ್ಟು ದೊಡ್ಡದಾಯಿತೋ ಗೊತ್ತಿಲ್ಲ, ಏನೋ ಆಗಬಾರದ್ದು ಆಗಿದೆ ಎಂದು ಈಗ ಅವಳಿಗೆ ತಿಳಿಯಿತು.

ಚಹಾ ಆರಿ ಕೆನೆ ಕಟ್ಟಿತು. ಯಾರೂ ಕುಡಿಯಲಿಲ್ಲ.

“ತಡಿ,” ಎಂದಳು ಗೋಪಿಬಾಯಿ ಒಮ್ಮೆಲೇ. “ತಡಿ ತಡಿ. ಇದು ಮುಂಡಗೋಡ ಸಂತಿ ದಾರ. ಕೆಂಪು ಬಣ್ಣ ಬಿಡತೈತಿ. ನೋಡಿಲ್ಲಿ.” ಬೆರಳು ಚಾಚಿದಳು. ತುದಿಗಳು ಕುಂಕುಮ ಮುಟ್ಟಿದಂತೆ ಕೆಂಪಾಗಿದ್ದವು. “ನನ್ನ ಕೈಗೆ ಹತ್ತೇತಿ ಅಂದ ಮ್ಯಾಲೆ ಅವುಗಳ ಮೈಗೆ ಹತ್ತಿರೂದಿಲ್ಲೇನ?”

ತುಳಜಾ ಎದ್ದು ಓಡಿದಳು.

ಮೂವರೂ ತೊಟ್ಟಿಯ ಸುತ್ತ ಕುಕ್ಕರುಗಾಲಲ್ಲಿ ಕೂತರು. ಹಸನಸಾಬ ಹಿಡಿದು ಕೊಡುವುದು, ಗೋಪಿಬಾಯಿ ಒದ್ದೆ ಬಟ್ಟೆಯಿಂದ ಕೆಸರು ಒರೆಸುವುದು, ತುಳಜಾ ಮೊಬೈಲಿನ ಬೆಳಕು ಹಾಕಿ ಸೊಂಟದ ಸುತ್ತ ನೋಡುವುದು. ಮೊದಲನೆಯದರಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರ ಬೆನ್ನಿನ ಅಂಚಿನಲ್ಲಿ ಉಗುರಿನಿಂದ ಗೀರಿದಂಥ ಒಂದು ಕೆಂಪು ಗೆರೆ.

“ಐತಿ!” ಎಂದು ಗೋಪಿಬಾಯಿ ಕೂಗಿದ ಕೂಗಿಗೆ ಕಪ್ಪೆ ಹಸನಸಾಬನ ಕೈಯಿಂದ ಹಾರಿ ಅವನ ಮಡಿಲಿಗೆ ಬಿತ್ತು.

“ಅಲ್ಲಾ! ಅಕ್ಕಾ, ಹೆರಿಗಿ ನಿನ್ನೇನ ಮುಗದೈತಿ, ಸಾವಕಾಶ,” ಎಂದ ಹಸನಸಾಬ. ತುಳಜಾ ಕೂಡ ನಕ್ಕಳು. ಆ ನಗು ಅಳುವಿನಂತೆಯೇ ಕೇಳಿಸಿತು.

ಆಮೇಲೆ ಇಲ್ಲ. ಇಲ್ಲ. ಇಲ್ಲ. ಡೊಳ್ಳು ಹೊಟ್ಟೆಯ ಕಪ್ಪೆಗಳಲ್ಲೂ ಗೆರೆಯಿಲ್ಲ. ಇನ್ನೊಂದರಲ್ಲಿ ಇತ್ತು, ಇದ್ದೂ ಇಲ್ಲದಂತೆ. ಮತ್ತೆ ಇಲ್ಲ.

“ಬಣ್ಣ ಎಲ್ಲಿ ಹೋತು?” ಎಂದಳು ಗೋಪಿಬಾಯಿ.

ಅದಕ್ಕೆ ಉತ್ತರ ತೊಟ್ಟಿಯ ಮೂಲೆಯಲ್ಲಿ ಕೂತಿತ್ತು. ಒಂದು ಕಪ್ಪೆ ಬೆನ್ನು ಬಾಗಿಸಿ, ಕಣ್ಣು ಒಳಗೆಳೆದುಕೊಂಡು, ಎರಡೂ ಮುಂಗಾಲಿನಿಂದ ತಲೆಯ ಮೇಲಿಂದ ಏನನ್ನೋ ಎಳೆಯುತ್ತಿತ್ತು, ಬಿಗಿಯಾದ ಅಂಗಿಯನ್ನು ತಾನೇ ಕಳಚಲು ಹೊರಟ ಕೂಸಿನಂತೆ. ಹಾಲಿನ ಕೆನೆಯಂಥ ತೆಳು ಪೊರೆ ಮೈಯಿಂದ ಬಿಟ್ಟುಕೊಂಡು ಬಂತು. ಕಪ್ಪೆ ಅದನ್ನು ಬಾಯಿಗೆ ತುರುಕಿಕೊಂಡು ನುಂಗತೊಡಗಿತು. ಪೊರೆಯ ಕೊನೆಯ ಮಡಿಕೆಯಲ್ಲಿ ಕೆಂಪು ಎಳೆಯೊಂದು ಕಂಡಿತು. ಅದೂ ಒಳಗೆ ಹೋಯಿತು. ಕಪ್ಪೆ ಹೊಸ ಮೈಯಲ್ಲಿ ಮಿರಮಿರ ಮಿನುಗುತ್ತ ಕೂತಿತು.

ಕಪ್ಪೆ ಚರ್ಮ ಬಿಡುತ್ತದೆ, ಬಿಟ್ಟದ್ದನ್ನು ತಿನ್ನುತ್ತದೆ. ತುಳಜಾ ಇದನ್ನು ಮೊದಲ ವರ್ಷದಲ್ಲೇ ಓದಿದ್ದಳು. ಎಷ್ಟೋ ಸಲ ನೋಡಿಯೂ ಇದ್ದಳು. ಓಡಿ ಬರುವಾಗ ಅದು ನೆನಪಾಗಿರಲಿಲ್ಲ, ಅಥವಾ ನೆನಪಾಗುವುದು ಅವಳಿಗೆ ಬೇಕಿರಲಿಲ್ಲ.

“ಸಾಕ್ಷಿ ಇದ್ದದ್ದನ್ನ ತಿಂದ ಬಿಟ್ಟಾವ ನೋಡ್ರಿ,” ಎಂದ ಹಸನಸಾಬ. ಈ ಸಲ ಯಾರೂ ನಗಲಿಲ್ಲ.

“ಸಿಕ್ಕದ್ದಷ್ಟು ಸಾಲೂದಿಲ್ಲೇನ?” ಗೋಪಿಬಾಯಿ ಕೇಳಿದಳು.

“ಇವು ಮೂರು ಕೆಂಪು ಅಂತ ಗೊತ್ತಾತು. ಬಿಳೀದು ಒಂದೂ ಗೊತ್ತಿಲ್ಲ ಯಾಡಿ. ಯಾವುದಕ್ಕ ಹೋಲಸಿ ನೋಡಲಿ?”

ಮಹಾಂತಪ್ಪ ಸರ್ ಸ್ಕೂಟರ್ ನಿಲ್ಲಿಸಿ ಒಳಗೆ ಬಂದಾಗ ಬಿಸಿಲು ಅಂಗಳದ ನಡುವಿಗೆ ಬಂದಿತ್ತು. ಕಾಲೇಜಿನಿಂದ ನಿವೃತ್ತರಾದ ಮೇಲೆ ತಮ್ಮದೇ ಉಮೇದಿನಲ್ಲಿ ಈ ಕೇಂದ್ರ ತೆಗೆದವರು. ತುಳಜಾ ಅವರ ಕೊನೆಯ ವಿದ್ಯಾರ್ಥಿನಿ. ಸ್ಕೂಟರಿನ ಹಿಂದೆ ಐಸ್ ತುಂಬಲು ಮೀನಿನ ಅಂಗಡಿಯಿಂದ ತಂದ ಥರ್ಮಾಕೋಲ್ ಪೆಟ್ಟಿಗೆ ಕಟ್ಟಿತ್ತು. ಎಲ್ಲ ಕೇಳಿದರು. ಬೈಯಲಿಲ್ಲ. ಹಣೆ ತಿಕ್ಕಿಕೊಂಡು ತೊಟ್ಟಿಯ ಕಟ್ಟೆಯ ಮೇಲೆ ಕೂತರು.

“ನಾ ಬೆರಳ ಕತ್ತರಸು ಅಂದಿದ್ದೆ,” ಎಂದರು ಒಮ್ಮೆ. ಅಷ್ಟೇ.

“ರಕ್ತ ಪರೀಕ್ಷೆ ಮಾಡಿಸಿದ್ರ ಸರ್? ಹಾರ್ಮೋನು ಯಾವುದರೊಳಗ ಐತಿ ಅಂತ—”

“ಕಡೀ ಸೂಜಿ ಹಾಕಿ ಎಷ್ಟೋ ದಿನ ಆದ್ವಲ್ಲವಾ. ಚುಚ್ಚಿದ್ದು ರಕ್ತದಾಗಿಂದ ಇಳದು ಹೋಗಿರತೈತಿ. ಉಳದಿದ್ರೂ, ಅದರ ಮೈಯಾಗ ಹುಟ್ಟಿದ್ದು ಯಾವುದು, ನಾವು ಹಾಕಿದ್ದು ಯಾವುದು ಅಂತ ರಕ್ತ ಹೇಳತೈತೇನ? ಎರಡೂ ಒಂದ.”

ಸರ್ ತೊಟ್ಟಿಗೆ ಕೈ ಹಾಕಿದರು. ಒಂದು ಕಪ್ಪೆಯನ್ನು ಎತ್ತಿ ಹೊಟ್ಟೆ ನೋಡಿದರು. ಇನ್ನೊಂದನ್ನು ಎತ್ತಿ ನೋಡಿದರು. ಆಮೇಲೆ ತುಳಜಾಳ ಕಡೆ ನೋಡದೆ ಹೇಳಿದರು.

“ಇಲ್ಲಿ ಕೇಳು. ಹಾರ್ಮೋನು ಹಾಕಿದ್ದವು ಉಬ್ಬತಾವ, ಹಾಕದಿದ್ದವು ಉಬ್ಬೂದಿಲ್ಲ. ಇದು ಪುಸ್ತಕದಾಗ ಐತಿ. ದಪ್ಪ ಇದ್ದವು ಒಂದು ಕಡೆ ಮಾಡು, ತೆಳ್ಳಗ ಇದ್ದವು ಒಂದು ಕಡೆ. ದಾರ ಕಟ್ಟು. ನಾಳೆ ಕೊಯ್ಯೂಣು.”

“ಸರ್.”

“ಏನ ಸರ್?”

“ಕಿಣ್ವ ಉಬ್ಬಿದ್ದಕ್ಕ ಹೆಚ್ಚಾಗತೈತೋ, ಹಾರ್ಮೋನಿಗೆ ಹೆಚ್ಚಾಗತೈತೋ ಅಂತಲ್ರಿ ನಾ ಕೇಳಾಕತ್ತಿದ್ದು? ಉಬ್ಬಿದ್ದವನ್ನ ಆರಿಸಿ, ಇವು ಹಾರ್ಮೋನಿನವು ಅಂತ ನಾನ ಹೆಸರಿಟ್ಟು, ಆಮ್ಯಾಲೆ ಹಾರ್ಮೋನಿಗೇ ಹೆಚ್ಚಾತು ಅಂತ ಬರದ್ರ… ಉತ್ತರ ನಾನ ಬರದು ಪ್ರಶ್ನೆ ಕೇಳಿದಂಗ ಆತು.”

“ಗೊತ್ತೈತಿ ನನಗ.” ಮಹಾಂತಪ್ಪನವರ ದನಿ ಏರಿತು, ಕೂಡಲೇ ಇಳಿಯಿತು. “ಗೊತ್ತೈತಿ ತಂಗಿ. ಆದ್ರ ಮುಂದಿನ ಚಳಿಗಾಲ ನಿನಗಿಲ್ಲ. ನನಗೂ ಇಲ್ಲ. ನಿಮ್ಮಪ್ಪ ಠಾಕಪ್ಪ ಹಳಿಯಾಳದ ಕಬ್ಬಿನ ಹೊಲದಾಗ ನಿಂತು ಫೋನ್ ಹಚ್ಚಿ ಕೇಳತಾನ, ಸರ್, ನನ್ನ ಮಗಳು ಯಾವಾಗ ಡಾಕ್ಟರ್ ಆಗತಾಳ್ರಿ ಅಂತ. ಏನ ಹೇಳಲಿ ಅವಗ? ನಿಮ್ಮವ್ವ ಗಂಟು ಬಿಚ್ಚಿದಳು ಅಂತ ಹೇಳಲೇನ?”

ಗೋಪಿಬಾಯಿ ಗೋಡೆಯ ಕಡೆ ತಿರುಗಿದಳು.

“ಯಾರಿಗೂ ಗೊತ್ತಾಗೂದಿಲ್ಲ,” ಎಂದರು ಸರ್ ಎದ್ದು ನಿಂತು. ಐಸ್ ಪೆಟ್ಟಿಗೆಯನ್ನು ಬಿಚ್ಚಿ ಜಗಲಿಯ ಮೇಲಿಟ್ಟರು. “ವಿಚಾರ ಮಾಡು. ಸಂಜಿಗೆ ಫೋನ್ ಹಚ್ಚು.”

ಸ್ಕೂಟರ್ ಹೋದ ಮೇಲೆ ತುಳಜಾ ಎರಡು ಪ್ಲಾಸ್ಟಿಕ್ ಬುಟ್ಟಿ ತಂದು ತೊಟ್ಟಿಯ ಎರಡು ಬದಿಗೆ ಇಟ್ಟಳು. ಹಸನಸಾಬ ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕಿದ. ಗೋಪಿಬಾಯಿ ಸುರುಳಿಯಲ್ಲಿನ ಕೆಂಪು ದಾರವನ್ನೂ ಬಿಳಿ ದಾರವನ್ನೂ ಬೇರೆ ಮಾಡತೊಡಗಿದಳು.

“ಇದು?”

“ದಪ್ಪ.”

“ಇದು?”

“ತೆಳ್ಳಗ.”

“ಇದಂತೂ ದಪ್ಪ, ಕೇಳೂದ ಬ್ಯಾಡ.”

ಹೀಗೆ ಕೆಲವು ಆ ಕಡೆ, ಕೆಲವು ಈ ಕಡೆ ಹೋದವು. ಕೆಲಸ ಸಲೀಸಾಗಿ ಸಾಗಿತು. ಸಲೀಸಾಗಿದ್ದೇ ತುಳಜಾಳಿಗೆ ಸರಿಕಾಣಲಿಲ್ಲ.

“ಇದು?”

ತುಳಜಾ ಕೈಯಲ್ಲಿ ಹಿಡಿದು ನೋಡಿದಳು. ದಪ್ಪವೂ ಅಲ್ಲ, ತೆಳ್ಳಗೂ ಅಲ್ಲ. ಹೊಟ್ಟೆಯ ಒಂದು ಬದಿ ತುಸು ತುಂಬಿದಂತಿತ್ತು. ಹಾರ್ಮೋನು ಹಾಕಿದರೂ ಉಬ್ಬದೆ ಉಳಿದದ್ದಿರಬಹುದು. ಬರೀ ಎಣ್ಣೆ ಹಾಕಿಸಿಕೊಂಡು ತಾನಾಗಿಯೇ ತುಂಬಿಕೊಂಡದ್ದಿರಬಹುದು. ಮೊದಲನೆಯದಾದರೆ ಇದರ ಕಿಣ್ವ ಒಂದು ಮಾತು ಹೇಳುತ್ತದೆ, ಎರಡನೆಯದಾದರೆ ಇನ್ನೊಂದು. ಅವಳು ಇಷ್ಟು ವರ್ಷ ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಇಂಥ ನಡುವಿನ ಕಪ್ಪೆಗಳ ಹೊಟ್ಟೆಯಲ್ಲೇ ಇತ್ತು. ಅದಕ್ಕೆ ಈಗ ಅವಳು ತನಗೆ ಬೇಕಾದ ಬಣ್ಣದ ದಾರ ಕಟ್ಟಬೇಕಾಗಿತ್ತು.

“ಎಲ್ಲರೆ ಹಾಕು ಬೇಟಾ,” ಎಂದ ಹಸನಸಾಬ. “ಕೇಳಾವರು ಯಾರದಾರ?”

“ಕೇಳಾಕ ನಾ ಇದ್ದೇನಲ್ಲ ಚಾಚಾ.”

ಕಪ್ಪೆ ಅವಳ ಅಂಗೈಯಲ್ಲಿ ಗಂಟಲು ಬಡಿದುಕೊಳ್ಳುತ್ತ ಕೂತಿತ್ತು. ತುಳಜಾ ಅದನ್ನು ವಾಪಸ್ ತೊಟ್ಟಿಗೆ ಬಿಟ್ಟಳು. ಎಡಗಡೆಯ ಬುಟ್ಟಿಯನ್ನು ಎತ್ತಿ ತೊಟ್ಟಿಗೆ ಸುರಿದಳು. ಬಲಗಡೆಯದನ್ನೂ ಸುರಿದಳು. ಆರಿಸಿದ್ದೆಲ್ಲ ಮತ್ತೆ ಒಂದಾಯಿತು.

“ಯಾಕ?” ಗೋಪಿಬಾಯಿ ಎದ್ದು ನಿಂತಳು. “ಯಾಕ ಸುರವಿದಿ? ಸರ್ ಹೇಳ್ಯಾರಲ್ಲ. ದೊಡ್ಡವರು ಹೇಳ್ಯಾರಲ್ಲ!”

“ಯಾಡಿ, ಕಾಜಲ್ ಹೆಂಗ ಹೆತ್ತಳು?”

“ಹೆಂಗ ಅಂದ್ರ? ನಾ ಗಂಟು ಬಿಚ್ಚಿದೆ, ಹೆತ್ತಳು.”

“ಡಾಕ್ಟರ್ ಬ್ಯಾನಿ ಬರಾಕ ಸಲೈನಿನಾಗ ಔಷಧ ಹಾಕಿದ್ರು. ಅದೂ ಹಾರ್ಮೋನ.”

“ಹಗಲೆಲ್ಲ ಹಾಕಿದ್ರು. ಆಗ ಯಾಕ ಹೆರಲಿಲ್ಲ? ನಾ ಬಿಚ್ಚಿದ ಮ್ಯಾಲ ಹೆತ್ತಳು.”

“ನೀ ಬಿಚ್ಚದಿದ್ರ ಹೆರತಿದ್ದಿಲ್ಲ?”

ಗೋಪಿಬಾಯಿ ಕೈಯಲ್ಲಿದ್ದ ದಾರವನ್ನು ನೋಡಿದಳು. “ಅದನ್ನ ಹೆಂಗ ಹೇಳಲಿ? ಬಿಚ್ಚಿದ್ದೆನಲ್ಲ.”

“ಅಷ್ಟ ನೋಡು. ಎರಡೂ ಕೂಡಿ ಹೋದ್ರ ಯಾವುದ್ರಿಂದ ಆತು ಅಂತ ಹೇಳಾಕ ಬರೂದಿಲ್ಲ. ನನ್ನ ತೊಟ್ಟೀನೂ ಅಷ್ಟ ಈಗ.” ತುಳಜಾ ಒದ್ದೆ ಕೈಯನ್ನೇ ಮುಖಕ್ಕೆ ಒತ್ತಿಕೊಂಡಳು. ಬೆರಳ ಸಂದಿನಿಂದ ಮಾತು ಒಡೆದು ಬಂತು. “ಹಾರ್ಮೋನು ನಾನ ಹಾಕಿದೆ, ಕಲೇಜ ನಾನ ಹೆಚ್ಚಿದೆ, ಹಬ್ಬಕ್ಕ ಊರಿಗೆ ಬರಲಿಲ್ಲ. ಎಲ್ಲಾ ಇದಕ್ಕ. ಸುಳ್ಳು ಬರದ್ರ ಡಾಕ್ಟರ್ ಆಗತೇನಿ. ಬರೀದಿದ್ರ ಏನೂ ಆಗೂದಿಲ್ಲ. ಏನೂ ಇಲ್ಲ ಯಾಡಿ.”

“ನನ್ನ ಬೈಯಿ,” ಎಂದಳು ಗೋಪಿಬಾಯಿ. “ಕೈ ಮುರೀಲಿ ನಿಂದು ಅಂತರೆ ಅನ್ನು. ಸುಮ್ಮಕ ಕುಂಡ್ರಬ್ಯಾಡ.”

ತುಳಜಾ ಬೈಯಲಿಲ್ಲ. ಆ ಸಂಜೆ ಸರ್‌ಗೆ ಫೋನ್ ಹಚ್ಚಿ, ಆರಿಸುವುದಿಲ್ಲ, ಬರೆಯುವುದಿಲ್ಲ ಎಂದು ಎರಡೇ ಮಾತು ಹೇಳಿದಳು. “ಹಂಗಾದ್ರ ನಿಮ್ಮ ತಾಂಡಾದಾಗ, ಹಿಡದಲ್ಲೇ ಬಿಡಬೇಕು ತಂಗಿ, ಪರವಾನಗಿಯೊಳಗ ಹಂಗ ಐತಿ,” ಎಂದು ಅವರು ಫೋನ್ ಇಟ್ಟರು.

ಮರುದಿನ ಕಾಜಲ್‌ಳ ಹತ್ತಿರ ಅವಳ ತವರಿನವರನ್ನು ಕೂರಿಸಿ, ತಾಯಿ ಮಗಳು ಹಳಿಯಾಳದ ಮೇಲೆ ಹಾದು ಮುಂಡಗೋಡಕ್ಕೆ ಹೋಗುವ ಬಸ್ಸು ಹಿಡಿದರು. ಮುಚ್ಚಳಕ್ಕೆ ತೂತು ಮಾಡಿದ ದೊಡ್ಡ ಡಬ್ಬಿ ಹಸನಸಾಬನ ತಲೆಯ ಮೇಲೆ ಬಸ್ ನಿಲ್ದಾಣದವರೆಗೂ ಬಂತು. ಬಸ್ಸಿನಲ್ಲಿಟ್ಟು ಇಳಿಯುವಾಗ ಅವನು ಡಬ್ಬಿಯ ಮೇಲೆ ಕೈ ಇಟ್ಟು, “ಹುಷಾರ್ ಹೋಗ್ರಪಾ,” ಎಂದ.

ಒಳಗಿನಿಂದ ಟಪ್ ಟಪ್ ಎಂದು ಹಾರುವ ಸದ್ದು ಕೇಳಿ ಕಂಡಕ್ಟರ್ ನಿಂತ.

“ಏನೈತ್ರಿ ಡಬ್ಬ್ಯಾಗ?”

“ಕಪ್ಪಿ.”

“ಕಪ್ಪಿ! ಗೋವಾದ ಹೊಟೇಲಿಗೆ ಒಯ್ಯಾಕ ಹತ್ತೀರೇನ ಮತ್ತ? ಪೊಲೀಸ್ ಹಿಡೀತಾರ ನೋಡ್ರಿ.”

“ಗೋವಾ ಈ ಕಡೆ ಐತೇನ?” ಎಂದಳು ಗೋಪಿಬಾಯಿ. “ತವರಮನಿಗೆ ಒಯ್ಯಾಕತ್ತೇವಿ. ಬಾಣಂತನಕ್ಕ. ಸಾಕೇನ?”

ಬಸ್ಸಿನವರೆಲ್ಲ ನಕ್ಕರು. ಕಂಡಕ್ಟರನೂ ನಕ್ಕು ಮುಂದೆ ಹೋದ. ಕಿಟಕಿಯ ಹೊರಗೆ ಕಬ್ಬಿನ ಹೊಲಗಳು ಬಂದವು. ದೂರದಲ್ಲಿ ಬಗ್ಗಿ ಕಬ್ಬು ಕಡಿಯುತ್ತಿದ್ದ ಗುಂಪುಗಳು ಕಂಡವು. ತುಳಜಾ ಆ ಕಡೆ ನೋಡಲಿಲ್ಲ.

ತಾಂಡಾದ ಕೆಳಗಿನ ಗದ್ದೆಗಳಲ್ಲಿ ಭತ್ತದ ಕೂಳೆ ಒಣಗಿ ನಿಂತಿತ್ತು. ಕೆರೆಯಲ್ಲಿ ಮಾತ್ರ ನೀರಿತ್ತು. ಕೋಡಿಯ ಹತ್ತಿರ, ಮಣ್ಣು ಇನ್ನೂ ಮೆತ್ತಗಿದ್ದ ಕಡೆ ತುಳಜಾ ಡಬ್ಬಿ ಇಳಿಸಿ ಮುಚ್ಚಳ ತೆಗೆದು ಓರೆ ಮಾಡಿದಳು. ತೆಳ್ಳಗಿನವು ಮೊದಲು ಹಾರಿದವು. ದಪ್ಪನೆಯವು ಒಂದೊಂದಾಗಿ, ಮೈಭಾರದ ಹೆಂಗಸರು ಬಸ್ಸಿಳಿದಂತೆ ಇಳಿದವು. ಯಾವುದಕ್ಕೆ ಏನು ಹಾಕಿದ್ದೆ ಎಂದು ನೋಡಬಾರದೆಂದುಕೊಂಡರೂ ಅವಳ ಕಣ್ಣು ಪ್ರತಿಯೊಂದರ ಸೊಂಟವನ್ನೂ ಹುಡುಕುತ್ತಿತ್ತು.

“ಇವು ಈಗ ತತ್ತಿ ಇಡತಾವೇನ?” ಗೋಪಿಬಾಯಿ ಕೇಳಿದಳು.

“ಗೊತ್ತಿಲ್ಲ. ಮಳಿ ಬಂದೈತಿ ಅಂತ ನಾ ಸುಳ್ಳು ಹೇಳೇನಿ ಅವಕ್ಕ. ಸೂಜಿಯೊಳಗ ಹಾಕಿ ಹೇಳೇನಿ. ನಿಜವಾದ ಮಳಿ ಬಂದಾಗ ನಂಬತಾವೋ ಇಲ್ಲೋ.”

“ಮುಂದಿನ ವರ್ಷ ಮತ್ತ ಹಿಡದು, ಮತ್ತ ಮಾಡಿದ್ರ? ಈ ಸಲ ನಾ ಆ ಕಡೆ ಕಾಲ ಇಡೂದಿಲ್ಲ. ನಿಮ್ಮಪ್ಪನ ಆಣಿ.”

“ಮುಂದಿನ ವರ್ಷ ಇಲ್ಲ ಯಾಡಿ. ಅದ ಮುಗೀತು.”

“ಮುಗೀತು ಅಂದ್ರ?”

“ಮುಗೀತು ಅಂದ್ರ ಮುಗೀತು.”

ಕೊನೆಯ ಕಪ್ಪೆ ಡಬ್ಬಿಯ ತಳದಲ್ಲೇ ಕೂತಿತ್ತು. ತುಳಜಾ ಬಗ್ಗಿ ಅದನ್ನು ಎತ್ತಿ ನೀರಿನ ಅಂಚಿಗೆ ಇಟ್ಟಳು. ಅಲ್ಲೇ ಕೂತಳು, ಮೊಣಕಾಲಿಗೆ ಹಣೆ ಹಚ್ಚಿ.

ಗೋಪಿಬಾಯಿ ಅವಳ ಹಿಂದೆ ನಿಂತಿದ್ದಳು. ಸ್ವಲ್ಪ ಹೊತ್ತು ಕೆರೆಯನ್ನು ನೋಡಿದಳು, ಮಗಳ ಬೆನ್ನನ್ನು ನೋಡಿದಳು. ಆಮೇಲೆ ಎರಡೂ ಕೈಯನ್ನು ತಲೆಯ ಹಿಂದಕ್ಕೆ ಒಯ್ದು, ತುರುಬಿನ ಗಂಟನ್ನು ಬಿಚ್ಚಿದಳು.